ಉಡುಪಿಯವರಿಗೆ ಕುಲಾಂತರಿ ಬೀಜದ ಜಗಳ ಯಾಕೆ?

"ನಿಮ್ಮ ಕಡೆ ಹತ್ತಿ ಬೆಳೆಯುವುದಿಲ್ಲ. ಮತ್ತೆ ಈ ಕುಲಾಂತರಿ ಬೀಜದ ಜಗಳ ನಿಮಗೆ ಯಾಕೆ?" ಘಟ್ಟದ ಮೇಲಿನ ಗೆಳೆಯರು ಸಿಕ್ಕಾಗಲೆಲ್ಲ ಹೀಗೆ ಕೇಳುತ್ತಾರೆ. ಕುಲಾಂತರಿ ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೀಜ, ಬಿಟಿ ಹತ್ತಿಯ ಹಾಗೆ.

ನನ್ನ ಉತ್ತರ ಶುರುವಾಗುವುದು ಗುಳ್ಳದಿಂದ.

ಕಟಪಾಡಿ ಹತ್ತಿರದ ಮಟ್ಟು ಊರಿನ ಗುಂಡು ಬದನೆ ಅದು. ತಿಳಿ ಹಸಿರು ಬಣ್ಣ, ಮೈಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ವಾದಿರಾಜರು ಕೊಟ್ಟ ಬೀಜ ಎಂದು ಊರಿನವರು ನಂಬುತ್ತಾರೆ. ಉಡುಪಿ ಕೃಷ್ಣಮಠದ ಪರ್ಯಾಯದ ಹೊರೆಕಾಣಿಕೆಯಲ್ಲಿ ಗುಳ್ಳ ಇರಲೇಬೇಕು. ನಮ್ಮ ದೊಡ್ಡಮ್ಮ ಒಳ್ಳೆಯ ಗಿಡ ನೋಡಿ ಒಂದೆರಡು ಕಾಯಿ ಕೊಯ್ಯದೆ ಬಿಡುತ್ತಿದ್ದರು. ಅದು ಹಣ್ಣಾಗಿ ಹಳದಿ ತಿರುಗಿದ ಮೇಲೆ ಬೀಜ ತೆಗೆದು, ಬೂದಿ ಬೆರೆಸಿ ಒಣಗಿಸುತ್ತಿದ್ದರು. ನೆರೆಮನೆಯವರು ಕೇಳಿದರೆ ಒಂದು ಹಿಡಿ ಕೊಡುತ್ತಿದ್ದರು. ಅದಕ್ಕೆ ದುಡ್ಡು ತೆಗೆದುಕೊಂಡದ್ದು ನಾನು ನೋಡಿಲ್ಲ.

ಈ ಗುಳ್ಳವನ್ನೂ ಬಿಟಿ ಬದನೆ ಮಾಡಲು ಹೊರಟಿದ್ದರು. ಬಿಟಿ ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾ; ಅದರ ಜೀನ್ ಸೇರಿಸಿದರೆ ಕಾಯಿ ಕೊರೆಯುವ ಹುಳ ಗಿಡ ತಿಂದು ಸಾಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಜೀನ್ ಸೇರಿಸಲು ಆರಿಸಿಕೊಂಡ ನಮ್ಮ ರಾಜ್ಯದ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆಯನ್ನೂ ಕೊಟ್ಟಿತು. ವಿರೋಧ ಜೋರಾಯಿತು. ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ ಏಳು ನಗರಗಳಲ್ಲಿ ಜನರ ಮಾತು ಕೇಳಿದರು. ಬೆಂಗಳೂರೂ ಅದರಲ್ಲಿತ್ತು. 2010ರ ಫೆಬ್ರವರಿ 9ರಂದು ತಡೆ ಹಾಕಿದರು.

ಆ ತಡೆ ಸುಮ್ನೆ ಬಂದದ್ದಲ್ಲ. 1998ರಲ್ಲೇ ಪ್ರೊ. ನಂಜುಂಡಸ್ವಾಮಿ ಅವರ ರೈತ ಸಂಘ ರಾಯಚೂರು ಕಡೆ ಬಿಟಿ ಹತ್ತಿಯ ಪ್ರಯೋಗದ ಹೊಲಕ್ಕೆ ಬೆಂಕಿ ಹಚ್ಚಿತ್ತು. ಬೆಳೆ ಸುಡುವುದು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ಬೀಜ ಯಾರದು ಎಂಬ ಪ್ರಶ್ನೆ ನಮ್ಮ ಮನೆಮನೆಗೆ ಬಂದದ್ದು ಅವರಿಂದ.

ಕಾಯಿಕೊರಕ ಹುಳದ ಕಾಟ ನಿಜ. ಬದನೆಗೆ ಔಷಧಿ ಹೊಡೆಯುವುದೂ ಜಾಸ್ತಿಯೇ. ಬಿಟಿ ಬೇಕು ಅನ್ನುವ ರೈತರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬದನೆ ಹೂವಿಗೆ ಜೇನು, ದುಂಬಿ ಬರುತ್ತವೆ ಅಲ್ವಾ? ಅವಕ್ಕೆ ಗದ್ದೆಯ ಅಂಚು ಗೊತ್ತಿಲ್ಲ. ಮಟ್ಟು ಸಣ್ಣ ಊರು, ಗದ್ದೆಗೆ ಗದ್ದೆ ತಾಗಿಕೊಂಡಿದೆ. ಒಬ್ಬರು ಬಿಟಿ ಹಾಕಿದರೆ ಪಕ್ಕದವರ ಬೀಜಕ್ಕೂ ಅದು ಸೇರಬಹುದು. 2011ರಲ್ಲಿ ಮಟ್ಟು ಗುಳ್ಳಕ್ಕೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಬೆಳೆ ಎಂಬ ಸರ್ಕಾರದ ಗುರುತು ಸಿಕ್ಕಿದೆ. ಬೀಜವೇ ಬೆರೆತು ಹೋದರೆ ಆ ಹೆಸರು ಯಾವುದಕ್ಕೆ? ನೆರೆಮನೆಯವರು ಬಂದು ಬೀಜ ಕೇಳಿದರೆ, ಇದು ನಮ್ಮ ಗುಳ್ಳವೇ ಎಂದು ಯಾವ ಧೈರ್ಯದಲ್ಲಿ ಕೈಗೆ ಹಾಕಲಿ?