ಅರ್ಧ ಮಿಲಿಮೀಟರ್ ಚುಕ್ಕೆ ಮತ್ತು ನಮ್ಮ ಮಾವ

18 ಜನವರಿ 2026, ಭಾನುವಾರ
ಕೊಪ್ಪಳ

ಇವತ್ತು ಅವರಾತ್ರಿ ಅಮಾವಾಸ್ಯೆ. ಗವಿಮಠದ ಜಾತ್ರೆಯ ಗದ್ದಲ ಇನ್ನೂ ಪೂರ್ತಿ ಇಳಿದಿಲ್ಲ. ನನಗೆ ಏರ್ ರೈಫಲ್ ಹುಚ್ಚು ಹತ್ತಿದ್ದು ಹೋದ ವರ್ಷ ಇದೇ ಜಾತ್ರೆಯಲ್ಲಿ, ಬಲೂನ್ ಅಂಗಡಿಯ ಮುಂದೆ. ಹತ್ತು ಗುಂಡಿಗೆ ನಾಲ್ಕು ಬಲೂನ್ ಒಡೆದೆ. ಮಗಳು ನಕ್ಕಳು. ಅಂಗಡಿಯವನು ಮೆಲ್ಲಗೆ, “ಬಲಕ್ಕ ಎಳೀತದ್ರಿ ಸರ್, ಒಂಚೂರು ಎಡಕ್ಕ ಹಿಡೀರಿ” ಅಂದ. ಮುಂದಿನ ಹತ್ತರಲ್ಲಿ ಎಂಟು ಹೋದವು. ಅವನ ಬಂದೂಕಿನ ಸೊಟ್ಟ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನೆಟ್ಟಗಿರೋ ಒಂದು ಸಿಕ್ಕರೆ ಹೇಗಿರಬಹುದು ಅಂತ.

ವಿಷಯ ಕೇಳಿ ನನಗಿಂತ ಜಾಸ್ತಿ ಖುಷಿಪಟ್ಟವರು ಸೋದರಮಾವ. ಯಲಬುರ್ಗಾ ಕಡೆ ಅವರದು ಎರೆಹೊಲ. “ದೊಡ್ಡದ ತಗೋ ಅಳಿಯಾ. ಮೊಲ ಬೀಳಬೇಕು ನೋಡು.” ನಮ್ಮ ಕಡೆ ಕೆಲವು ಊರುಗಳಲ್ಲಿ ಯುಗಾದಿ ಹೊತ್ತಿಗೆ ಮೊಲದ ಬೇಟೆಗೆ ಹೋಗುವ ರೂಢಿ ಇದೆ. ಮಾವ ಹುಡುಗರಾಗಿದ್ದಾಗ ಬಲೆ ಹಿಡಿದು ಹೋದವರೇ. ಅದು ಅಪರಾಧ ಅಂದರೆ ಅವರಿಗೆ ನಗು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲ, ಗೌಜಲಕ್ಕಿ, ಬುರ್ಲಿ ಯಾವುದನ್ನೂ ಹೊಡೆಯುವಂತಿಲ್ಲ, ಮೂರು ವರ್ಷದವರೆಗೆ ಜೈಲು ಇದೆ ಅಂದೆ. “ಕಾಗಿ?” ಅಂದರು. ಕಾಗೆ, ಇಲಿಗಳು ಮೊದಲು ಪೀಡೆ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು, ಈಗ ಅದೂ ಇಲ್ಲ ಅಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಬಂದೂಕು ಯಾಕ ಬೇಕೋ?” ಅಂದರು. ಹೊರದೇಶದವರ ವಿಡಿಯೋಗಳಲ್ಲಿ ಮೊಲ, ಪಾರಿವಾಳಕ್ಕೆ ಯಾವ ರೈಫಲ್ ಒಳ್ಳೇದು ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ನಮಗೆ ಆ ಅರ್ಧ ಮಾತು ಉಪಯೋಗವೇ ಇಲ್ಲ. ಉಳಿದದ್ದು ಕಾಗದದ ಗುರಿ.

ಬೇಟೆ ಬಿಟ್ಟ ಮೇಲೆ ಆಯ್ಕೆ ಸಲೀಸಾಯಿತು. ಮೊನ್ನೆ ಹುಬ್ಬಳ್ಳಿಗೆ ಹೋದೆ. ಅಂಗಡಿಯ ಹುಡುಗ ಬಾಯಿ ತೆರೆದರೆ ವೇಗದ ಮಾತು: “ಸೆಕೆಂಡಿಗೆ 1000 ಅಡಿ ಸರ್!” ನಾನು ಫೋನಿನಲ್ಲೇ ಲೆಕ್ಕ ಹಾಕಿದೆ. ಅರ್ಧ ಗ್ರಾಂ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಆ ವೇಗದಲ್ಲಿ ಹೋದರೆ ಸುಮಾರು 23 ಜೂಲ್. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಕೊಳ್ಳಬೇಕಾದರೆ ಬೋರ್ (ನಳಿಗೆಯ ಒಳ ಅಗಲ) .177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಬಾರದು, ಶಕ್ತಿ 20 ಜೂಲ್ ದಾಟಬಾರದು. ಹಾಗಾದರೆ ಒಂದೋ ಇವನು ಹೇಳುವ ವೇಗ ಸುಳ್ಳು, ಇಲ್ಲವೇ ರೈಫಲ್‌ಗೆ ಲೈಸೆನ್ಸ್ ಬೇಕು. ಕೇಳಿದೆ. “ಕಂಪನಿಯವರು ಹಂಗ ಹೇಳ್ತಾರ್ರಿ” ಅಂದ.

ಇಷ್ಟಕ್ಕೂ ಆ ವೇಗ ಯಾರಿಗೆ ಬೇಕು? ಒಲಿಂಪಿಕ್ಸ್‌ನ 10 ಮೀಟರ್ ರೈಫಲ್‌ಗಳ ಪೆಲೆಟ್ ಸೆಕೆಂಡಿಗೆ 170–180 ಮೀಟರ್ ಹೋದರೆ ಹೆಚ್ಚು. ಆ ಹುಡುಗನ ಲೆಕ್ಕದ ಅರ್ಧಕ್ಕಿಂತ ತುಸು ಜಾಸ್ತಿ, ಅಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಗುರಿಯ ಹಾಳೆಯ ಹೊರಗಿನ ವೃತ್ತ 45.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಸಣ್ಣದು!

ಒಳಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬುವ ಪಿಸಿಪಿ ರೈಫಲ್ ಕೈಗೆ ಕೊಟ್ಟ. ನಿಜ ಹೇಳಬೇಕೆಂದರೆ ಆಸೆಯಾಯಿತು. ಹೊಡೆದರೆ ಅಲುಗುವುದೇ ಇಲ್ಲವಂತೆ. ಆದರೆ ಗಾಳಿ ತುಂಬಲು ಬೇರೆ ಪಂಪ್ ಬೇಕು, ಅದರ ಸೀಲು ಹೋದರೆ ಕೊಪ್ಪಳದಲ್ಲಿ ಯಾರನ್ನು ಹುಡುಕಲಿ? ಸ್ಪ್ರಿಂಗ್ ರೈಫಲ್ಲೇ ಸಾಕು ಅಂದೆ. ನಳಿಗೆಯನ್ನು ಕೆಳಕ್ಕೆ ಮಡಚಿ, ಪೆಲೆಟ್ ಇಟ್ಟು ಮುಚ್ಚುವ ಜಾತಿ. ಟ್ರಿಗರ್ ಎಳೆದರೆ ಒಳಗಿನ ಸ್ಪ್ರಿಂಗ್ ಪಿಸ್ಟನ್ ತಳ್ಳುತ್ತದೆ, ಅದು ಒತ್ತಿದ ಗಾಳಿ ಪೆಲೆಟ್ ಹಾರಿಸುತ್ತದೆ. ಒಂದನ್ನು ತೋರಿಸುವಾಗ ಹುಡುಗ ಪೆಲೆಟ್ ಇಲ್ಲದೆ ಟಪ್ ಟಪ್ ಅಂತ ಐದಾರು ಸಲ ಹೊಡೆದ. ನನ್ನ ಹೊಟ್ಟೆ ಚುರ್ ಅಂದಿತು. ಪೆಲೆಟ್ ಇದ್ದರೆ ಅದರ ಹಿಂದಿನ ಗಾಳಿಯೇ ಪಿಸ್ಟನ್‌ಗೆ ಮೆತ್ತೆ. ಇಲ್ಲದಿದ್ದರೆ ಪಿಸ್ಟನ್ ಹೋಗಿ ಸಿಲಿಂಡರ್ ತುದಿಗೆ ಬಡಿಯುತ್ತದೆ. ಅದನ್ನು ಬಿಟ್ಟು, ಡಬ್ಬಿಯಲ್ಲಿ ಸೀಲಾಗಿದ್ದ ಇನ್ನೊಂದನ್ನು ತಗೊಂಡೆ. ಟ್ರಿಗರ್ ಹಗುರ, ತೂಕ ಮೂರು ಕಿಲೋ ಚಿಲ್ಲರೆ. ಗುರಿ ನೋಡುವ ಟೆಲಿಸ್ಕೋಪ್ (ಸ್ಕೋಪ್) ಬೇಡವೆಂದೆ. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಒದೆಯುತ್ತದೆ. ಅಗ್ಗದ ಸ್ಕೋಪ್ ಆ ಒದೆತಕ್ಕೆ ಬೇಗ ಕೆಡುತ್ತದೆ. ಕಾಗದಕ್ಕೆ ಚಪ್ಪಟೆ ತಲೆಯ ಪೆಲೆಟ್ ಕೊಂಡೆ, ತೂತು ದುಂಡಗೆ ಬೀಳುತ್ತದೆ. ಆಧಾರ್ ನಕಲು, ಫೋಟೋ ಕೊಟ್ಟು ಬಿಲ್ ತಗೊಂಡು ಬಂದೆ.

ಇವತ್ತು ಮಾವನ ಹೊಲಕ್ಕೆ ಹೋದೆವು. ಬಿಳಿಜೋಳ ತೆನೆ ಬಿಟ್ಟಿದೆ, ಸೀತನಿ ಕಾಲ. ಮೊದಲು ಗುಡ್ಡದ ಕಡೆ ಹೋಗೋಣ ಅಂದರು. ಬಂಡೆಗೆ ಬಡಿದ ಪೆಲೆಟ್ ವಾಪಸ್ ಕಣ್ಣಿಗೇ ಬರಬಹುದು ಅಂತ ಬೇಡವೆಂದೆ. ಗೋಣಿಚೀಲಕ್ಕೆ ಮರಳು ತುಂಬಿ ಬದುವಿಗೆ ಒರಗಿಸಿ, ಅದರ ಮೇಲೆ ಹಾಳೆ ಸಿಗಿಸಿದೆ. ಹತ್ತು ಮೀಟರ್ ಹೆಜ್ಜೆ ಹಾಕಿ ಅಳೆದೆ.

ನನ್ನ ಮೊದಲ ಹತ್ತು ಅಂಗೈಯಗಲ ಹರಡಿದವು. ಎರಡು ಹಾಳೆಗೇ ತಾಗಲಿಲ್ಲ. ಗಟ್ಟಿಯಾಗಿ ಒತ್ತಿ ಹಿಡಿದಿದ್ದೆ, ಅದೇ ತಪ್ಪು. ಸ್ಪ್ರಿಂಗ್ ರೈಫಲ್ ಕುಣಿಯಲೇಬೇಕು, ಅದನ್ನು ತಡೆದರೆ ಒಂದೊಂದು ಸಲ ಒಂದೊಂದು ಕಡೆ ಹೋಗುತ್ತದೆ. ಅಂಗೈ ಬಿಚ್ಚಿ ಅದರ ಮೇಲೆ ಸುಮ್ನೆ ಇಟ್ಟುಕೊಂಡೆ. ಗುಂಪು ಚಿಕ್ಕದಾಯಿತು, ಆದರೆ ನಡುವಿಗೆ ಬರಲಿಲ್ಲ.

ಆಗ ಪಕ್ಕದ ಬದುವಿನಿಂದ ಗೌಜಲಕ್ಕಿ ಕೂಗಿತು. ಮಾವ ನನ್ನ ಮುಖ ನೋಡಿದರು. ನಾನು ಹಾಳೆಯನ್ನೇ ನೋಡಿದೆ. “ಕೊಡಿಲ್ಲೆ” ಅಂದರು. ನಳಿಗೆ ಮಡಚಿದಾಗ ಒಂದು ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದೇ ಪೆಲೆಟ್ ಇಡಿ, ಜಾರಿ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ ಅಂತ ಎರಡು ಸಲ ಹೇಳಿದೆ. ಜೋಳದ ಹಕ್ಕಿ ಓಡಿಸಲು ಐವತ್ತು ವರ್ಷ ಕವಣೆ ಬೀಸಿದ ಕೈ ಅದು. ಹತ್ತರಲ್ಲಿ ಏಳು ಹಾಳೆಯ ನಡುವಿನ ಕಪ್ಪು ವೃತ್ತದೊಳಗೆ. ಒಂದು ನಡುವಿನ ಚುಕ್ಕೆಯನ್ನು ಮುಟ್ಟಿಯೇ ಬಿಟ್ಟಿತ್ತು.

ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಪೆಲೆಟ್ ಸೀಸದ್ದು ಅಂದೆ. ಕೈ ತೊಳೆದು ಬಂದು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡರು. ಹೊರಡುವಾಗ ಕೇಳಿದರು: “ಈ ಹಾಳಿ ಎಷ್ಟಕ್ಕೊಂದ ಬರ್ತಾವ?”