ವಿಜಯಪುರದ ಅರಮನೆಗಳು: ಮೊದಲು ಗಗನ ಮಹಲ್, ಆಮೇಲೆ ಅಸರ್ ಮಹಲ್

ವಿಜಯಪುರಕ್ಕೆ ಬಂದವರು ಹೆಚ್ಚಾಗಿ ಗೋಲಗುಂಬಜ್, ಇಬ್ರಾಹಿಂ ರೋಜಾ ನೋಡಿ ಬಸ್ ಹತ್ತುತ್ತಾರೆ. ಎರಡೂ ಗೋರಿಗಳೇ. ಆದಿಲ್‌ಶಾಹಿ ದೊರೆಗಳು ಬಾಳಿದ ಮನೆಗಳನ್ನು ನೋಡಬೇಕೆಂದರೆ ಅದಕ್ಕೆಂದೇ ಅರ್ಧ ದಿನ ತೆಗೆದಿಡಿ. ಗೋಲಗುಂಬಜ್ ಮುಗಿಸಿಕೊಂಡು ಮಧ್ಯಾಹ್ನ ಇತ್ತ ಬಂದರೆ ಬಿಸಿಲಿಗೆ ಏನೂ ನೋಡಲಾಗದು. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ನೀರಿನ ಬಾಟಲಿ, ಟೊಪ್ಪಿಗೆ ಮರೆಯಬೇಡಿ.

ಬೆಳಿಗ್ಗೆ ಏಳಕ್ಕೇ ಅರ್ಕಿಲ್ಲಾದೊಳಗಿನ (ಊರ ನಡುವಿನ ಒಳಕೋಟೆ) ಗಗನ ಮಹಲ್‌ಗೆ ಹೋಗಿ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಒಂದನೇ ಅಲಿ ಆದಿಲ್‌ಶಾಹ 1561ರಲ್ಲಿ ಕಟ್ಟಿಸಿದ ಈ ಮಹಲಿನ ಕೆಳಗೆ ದರ್ಬಾರು, ಮೇಲೆ ರಾಜಮನೆತನದ ವಾಸ. ಎದುರಿಗೆ ಮೂರು ಕಮಾನು. ನಡುವಿನದರ ಅಗಲ ಸುಮಾರು 60 ಅಡಿ. ಪಕ್ಕದ ಎರಡು ಕಿರಿದಾದರೂ ಅಷ್ಟೇ ಎತ್ತರಕ್ಕೆ ಏರುತ್ತವೆ. 1686ರಲ್ಲಿ ಕೊನೆಯ ದೊರೆ ಸಿಕಂದರ್ ಆದಿಲ್‌ಶಾಹ ಔರಂಗಜೇಬನಿಗೆ ಶರಣಾದದ್ದು ಇಲ್ಲಿಯೇ ಎಂಬ ಮಾತಿದೆ.

ಕಮಾನಿನ ಫೋಟೊ ತೆಗೆದು ಹಿಂತಿರುಗಬೇಡಿ, ಒಳಗೆ ಹೋಗಿ ಗೋಡೆ ನೋಡಿ. ತೊಲೆಗಳ ತುದಿ ಕೂರುತ್ತಿದ್ದ ಗೂಡುಗಳಿವೆ. ಮೇಲಿನ ಅಂತಸ್ತು, ಚಾವಣಿ, ಕಂಬ ಎಲ್ಲವೂ ಮರದವು. ಮರ ಹೋಯಿತು, ಕಲ್ಲು ಗಾರೆ ಉಳಿಯಿತು. ಹಾಗಾಗಿಯೇ ಈ ಅರಮನೆ ಇಂದು ಬರೀ ಕಮಾನಿನಂತೆ ಕಾಣುತ್ತದೆ. ಮುಖ ಉತ್ತರಕ್ಕಿರುವುದರಿಂದ ಚಳಿಗಾಲದಲ್ಲಿ ಸೂರ್ಯ ಕಮಾನಿನ ಹಿಂದಿರುತ್ತಾನೆ. ಹೊತ್ತೇರಿದಂತೆ ಫೋಟೊ ಕಪ್ಪಾಗುತ್ತದೆ.

ಹತ್ತಿರದಲ್ಲೇ ಸಾತ್ ಮಂಜಿಲ್ ಇದೆ. ಹೆಸರಿಗೆ ಏಳು ಅಂತಸ್ತು, ಉಳಿದದ್ದು ಐದು. ಅದರೆದುರಿನ ಪುಟ್ಟ ಜಲ ಮಂಜಿಲ್‌ನ ಕೆತ್ತನೆಗೆ ಹತ್ತು ನಿಮಿಷ ಕೊಡಿ.

ಅಲ್ಲಿಂದ ಪೂರ್ವಕ್ಕೆ, ಅರ್ಕಿಲ್ಲಾದ ಕಂದಕದಾಚೆ ಅಸರ್ ಮಹಲ್. ಮೊಹಮ್ಮದ್ ಆದಿಲ್‌ಶಾಹ ನ್ಯಾಯಸ್ಥಾನವಾಗಿ ಕಟ್ಟಿಸಿದ್ದು, ಸುಮಾರು 1646ರದು. ಗಗನ ಮಹಲ್‌ನಲ್ಲಿ ಏನು ಕಳೆದುಹೋಗಿದೆ ಎಂಬುದು ಇಲ್ಲಿ ತಿಳಿಯುತ್ತದೆ. ಎರಡು ಅಂತಸ್ತಿನ ಎತ್ತರಕ್ಕೆ ನಿಂತ ನಾಲ್ಕು ಭಾರೀ ತೇಗದ ಕಂಬಗಳು, ಅವುಗಳ ಮೇಲೆ ಮರದ ಚಾವಣಿ. ಪ್ರವಾದಿಯವರ ಪವಿತ್ರ ಕೇಶವನ್ನು ಇಲ್ಲಿ ಇಟ್ಟದ್ದರಿಂದ ಕಟ್ಟಡಕ್ಕೆ ಕಾವಲು, ಆರೈಕೆ ಸಿಕ್ಕಿತು, ತೇಗ ಉಳಿಯಿತು. ಪೂರ್ವಕ್ಕೆ ತೆರೆದ ಪಡಸಾಲೆಯಾದ್ದರಿಂದ ಹತ್ತು ಗಂಟೆಯೊಳಗೆ ತಲುಪಿದರೆ ಬೆಳಕು ಚಾವಣಿಯವರೆಗೂ ಇರುತ್ತದೆ. ಮುಂದಿನ ಕೊಳಕ್ಕೆ ನೀರು ಬರುತ್ತಿದ್ದದ್ದು ಊರಾಚೆಯ ಬೇಗಂ ತಲಾಬಿನಿಂದ, ನೆಲದಡಿಯ ಕೊಳವೆಗಳಲ್ಲಿ.

ಇದು ಇಂದಿಗೂ ಶ್ರದ್ಧೆಯ ಜಾಗ. ಚಪ್ಪಲಿ ಹೊರಗೆ ಬಿಡಿ. ಮಹಿಳೆಯರಿಗೆ ಒಳಗೆ ಪ್ರವೇಶವಿಲ್ಲ. ಕುಟುಂಬದೊಂದಿಗೆ ಬರುವವರಿಗೆ ಇದು ಮೊದಲೇ ಗೊತ್ತಿರಲಿ. ಕಂಬ, ಚಾವಣಿಗಳನ್ನು ಕೊಳದ ದಡದಿಂದಲೂ ಚೆನ್ನಾಗಿ ನೋಡಬಹುದು. ಮೇಲಿನ ಕೋಣೆಗಳ ಗೋಡೆಚಿತ್ರಗಳು ಬಹಳ ಮಾಸಿವೆ. ಫ್ಲ್ಯಾಶ್ ಬಳಸಬೇಡಿ, ಮುಟ್ಟಲೂಬೇಡಿ.

ಸಮಯ ಉಳಿದರೆ ಜುಮ್ಮಾ ಮಸೀದಿಯತ್ತ ಹೋಗುವಾಗ ಮೆಹ್ತರ್ ಮಹಲ್ ಮುಂದೆ ನಿಲ್ಲಿ. ಹೆಸರಿಗೆ ಮಹಲಾದರೂ ಅದು ಮಸೀದಿಯ ಹೆಬ್ಬಾಗಿಲು. ಬಾಲ್ಕನಿಯ ಆಸರೆಗಳನ್ನು ಮರಗೆಲಸದಷ್ಟೇ ನಾಜೂಕಾಗಿ ಕಲ್ಲಿನಲ್ಲಿ ಕಡೆದಿದ್ದಾರೆ.