ನಾಲೆಯಿಂದ ಸಮುದ್ರಕ್ಕೆ

ಮೂರು ದಿನದಿಂದ ಅಂಡಮಾನ್ ಪ್ರವಾಸದ ಲೆಕ್ಕಾಚಾರ ನಡೆದಿದೆ. ಹಳೇ ಡೈರಿಯ ಹಾಳೆ, ಅದರ ಮೇಲೆ ಕಾಫಿ ಲೋಟದ ಗುಂಡು ಕಲೆ. ಸ್ಕೂಬಾ ಡೈವ್, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗೋದನ್ನು, ಕೊನೇ ದಿನಕ್ಕೆ ಬರೆದಿದ್ದೆ. ಈಗ ಅದನ್ನು ಹೊಡೆದುಹಾಕಿ ಎರಡನೇ ದಿನಕ್ಕೆ ತಂದೆ. ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತದಿರುವುದು ಒಳ್ಳೆಯದು. ನೀರಿನ ಒತ್ತಡದಲ್ಲಿ ಮೈಗೆ ಸೇರಿದ ನೈಟ್ರೋಜನ್, ಮೇಲೆ ಹಾರಿದಾಗ ಗುಳ್ಳೆ ಕಟ್ಟಬಹುದು. ಗೋಲಿ ಸೋಡಾ ಒಡೆದ ಹಾಗೆ!

ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಅಂಡಮಾನ್‌ನಲ್ಲಿ ಗಡಿಯಾರ ನಮ್ಮದೇ, ಆದರೆ ಕತ್ತಲೆ ಬೇಗ. ಹಾಗಾಗಿ ಸುತ್ತಾಟವೆಲ್ಲ ಬೆಳಿಗ್ಗೆಯೇ. ಸೆಲ್ಯುಲರ್ ಜೈಲಿಗೆ ಮಾತ್ರ ಅರ್ಧ ದಿನ ಬೇಕೇ ಬೇಕು.

ಮಂಡ್ಯದ ವಿ.ಸಿ. ನಾಲೆಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಕದ್ದು ಈಜು ಕಲಿತವನು ನಾನು. ಆಗ ತೇಲೋಕೆ ಬುರುಡೆ. ಈಗ ಮುಳುಗೋಕೆ ಸೊಂಟಕ್ಕೆ ಸೀಸದ ತೂಕ ಕಟ್ಟುತ್ತಾರೆ. ತಮಾಷೆ ಅಲ್ವಾ?

ಅಮ್ಮನಿಗೆ ಹೇಳಿದೆ. "ನಾಲೆಗೆ ಇಳಿದ್ರೆ ಬಾರಿಸ್ತಿದ್ದೆ. ಈಗ ದುಡ್ಡು ಕೊಟ್ಟು ಮುಳುಗಕ್ಕೆ ಹೋಯ್ತೀಯಾ?"

ಮೊದಲ ಸಲದವರನ್ನು 12 ಮೀಟರ್‌ಗಿಂತ ಕೆಳಗೆ ಬಿಡಲ್ಲ ಅಂದೆ. ಅದು ನಮ್ಮ ತೋಟದ ಬಾವಿಗಿಂತ ಆಳ ಅಂತ ಹೇಳಲಿಲ್ಲ.

ಅವರೆಕಾಯಿ ಸುಲಿಯುತ್ತಾ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಮೆಲ್ಲಗೆ, "ಮೀನು ಹತ್ರಕ್ಕೇ ಬತ್ತವಾ?"